ಇಬ್ಬನಿಗೆ ನೆನೆಯಬಾರದ ಸಮುದ್ರ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಒಲೆಯ ಮೇಲಿಟ್ಟು ಕುದಿಸಿದರೆ ಒಂದು ವಾಸನೆ ಬರುತ್ತದೆ. ಉಪ್ಪಿಲ್ಲ, ಒಗ್ಗರಣೆಯಿಲ್ಲ, ತಿನ್ನಬೇಕೆಂಬ ಆಸೆಯನ್ನು ಒಂದಿಷ್ಟೂ ಹುಟ್ಟಿಸದ ವಾಸನೆ. ಅಂಟಿನ ವಾಸನೆ. ಮೊನ್ನೆ ಮಧ್ಯಾಹ್ನ ಅದು ನಮ್ಮ ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ನನ್ನ ಮಂಚದ ತನಕ ಬಂತು ನೋಡಿ, ನಿದ್ದೆಗೆ ಜಾರುತ್ತಿದ್ದವಳು ದಿಗ್ಗನೆ ಎದ್ದು ಕೂತೆ.

ಕೆಳಗಿನ ಮನೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಆಲೂರಿನ ಈ ಮನೆಯ ಕೆಳಭಾಗವನ್ನು ಶ್ವೇತಾ ಎಂಬ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಅವಳು ಅಲ್ಲಿ ನೋಡಿಕೊಳ್ಳುತ್ತಾಳೆ. ನೋಡಿಕೊಳ್ಳುತ್ತೇನೆ ಎನ್ನುವುದು ಅವಳ ಮಾತು. ಮೇಲಿನಿಂದ ಕೇಳುವ ನನಗೆ ಮಕ್ಕಳೇ ಅವಳನ್ನು ಅಟ್ಟಾಡಿಸುತ್ತಿರುವಂತೆ ತೋರುತ್ತದೆ. ಒಂದು ಅತ್ತರೆ ಅದಕ್ಕೆ ಬೇಸರವಾಗಬಾರದೆಂದು ಉಳಿದವೂ ಅಳುತ್ತವೆ. ಇದರ ನಡುವೆ ಗೊಬ್ಬರದ ಅಂಗಡಿಯವರೊಬ್ಬರು ಆ ಜಾಗವನ್ನು ಗೋಡೌನಿಗೆ ಕೊಡಿ ಎಂದು ಬೆನ್ನುಬಿದ್ದಿದ್ದರು. ಗೊಬ್ಬರದ ಮೂಟೆಗಳು ಮಧ್ಯಾಹ್ನ ರಾಗವಾಗಿ ಮಗ್ಗಿ ಹೇಳುವುದಿಲ್ಲ, ನನ್ನ ಚಪ್ಪಲಿಯನ್ನು ಹೂವಿನ ಕುಂಡದಲ್ಲಿ ನೆಡುವುದಿಲ್ಲ. ಸಂಜೆ ಅವರಿಗೆ ಫೋನ್ ಮಾಡಿ ಹೂಂ ಅಂದುಬಿಡೋಣ ಎಂದು ತೀರ್ಮಾನಿಸಿಯೇ ಅವತ್ತು ಮಲಗಿದ್ದೆ.

ಅಷ್ಟರಲ್ಲಿ ಶ್ವೇತಾ ಬಾಗಿಲು ತಟ್ಟಿದಳು. ಮೂಗಿನ ಮೇಲೆ ಅಂಟು.

"ಆಂಟಿ, ಒಂದು ದೊಡ್ಡ ಪಾತ್ರೆ ಕೊಡ್ತೀರಾ? ನಮ್ಮದರಲ್ಲಿ ಅಂಟು ಸಾಲ್ತಾ ಇಲ್ಲ. ಈ ವಾರ ಸಮ್ಮರ್ ಕ್ಯಾಂಪಿಗೆ ಸಮುದ್ರ ಅಂತ ಇಟ್ಕೊಂಡಿದೀವಿ. ಮಕ್ಕಳು ಮೀನು, ಆಮೆ ಎಲ್ಲ ಮಾಡ್ತಿದಾವೆ."

"ಸಮುದ್ರಾನಾ?" ಅಂದೆ. ಅಂದವಳಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ. ಪಾಪ, ಆ ಹುಡುಗಿ ಹೆದರಿ ಪಾತ್ರೆಯನ್ನೂ ಮರೆತು ಕೆಳಗಿಳಿದು ಹೋದಳು. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ತೊಂಬತ್ತರ ದಶಕದ ಒಂದು ಬೇಸಿಗೆ. ಪಿಯುಸಿ ಪರೀಕ್ಷೆ ಬರೆದು, ಪಾಸಾಗುತ್ತೇನೋ ಇಲ್ಲವೋ ಎಂಬುದನ್ನು ದೇವರ ಮೇಲೆ ಹಾಕಿ, ನಾನು ಮನೆಯಲ್ಲಿ ಕೂತಿದ್ದೆ. ಮನೆ ಅಂದರೆ ಸಕಲೇಶಪುರ ದಾಟಿ ಮಾರನಹಳ್ಳಿಗೆ ಸ್ವಲ್ಪ ಈಚೆಗಿದ್ದ ಕಾಫಿ ಎಸ್ಟೇಟಿನ ಕ್ವಾರ್ಟರ್ಸು. ಅಪ್ಪ ಅಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಹಾಕಿ ಕೆಲಸ ಹಂಚುವವರು. ಮಾತು ಕಮ್ಮಿ. ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೂ ಆಕಾಶದ ಕಡೆ ಬೆರಳು ತೋರಿಸಿ ಸುಮ್ಮನಾಗುವ ಪೈಕಿ.

ಆಳುಗಳ ಮನೆಗಳ ಸಾಲಿಗೆ ಲೈನ್ ಎನ್ನುತ್ತಿದ್ದರು. ಲೈನಿಗೂ ಕಾಫಿ ಸ್ಟೋರಿಗೂ ನಡುವೆ ಕೂಸಿನ ಮನೆ. ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಂಗಸರು ಮಕ್ಕಳನ್ನು ಅಲ್ಲಿ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ನೋಡಿಕೊಳ್ಳುವವಳು ದ್ಯಾವಮ್ಮ. ಒಂದು ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಜಾರಿ ಬಿದ್ದು ಅವಳ ಬಲಮಂಡಿ ಕೆಟ್ಟಿತ್ತು. ಕಾಫಿ ಕೊಯ್ಯಲಾಗದು, ಕಳೆ ತೆಗೆಯಲಾಗದು. ಗಂಡನಿಲ್ಲ, ಮಕ್ಕಳಿಲ್ಲ. ಕೂಸಿನ ಮನೆಯ ಕೆಲಸವಿದ್ದುದರಿಂದ ಲೈನಿನಲ್ಲಿ ಅವಳಿಗೊಂದು ಮನೆಯಿತ್ತು. ಕೆಲಸವಿಲ್ಲದವರಿಗೆ ಲೈನಿನಲ್ಲಿ ಮನೆಯಿಲ್ಲ, ಅದು ಎಸ್ಟೇಟಿನ ಕಾನೂನು.

ಎಸ್ಟೇಟಿನ ಯಜಮಾನಿಯನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು. ತವರು ಮಂಗಳೂರು. ಜೀಪನ್ನು ತಾವೇ ಓಡಿಸಿಕೊಂಡು ಬಂದು, ಇಳಿಯುವ ಮುಂಚೆಯೇ ಮೂರು ತಪ್ಪು ಹುಡುಕುತ್ತಿದ್ದ ಗಟ್ಟಿಗಿತ್ತಿ. ಅವರು ಒಂದು ದಿನ ಮಧ್ಯಾಹ್ನ ಕೂಸಿನ ಮನೆಗೆ ಇಣುಕಿದರು. ಮಕ್ಕಳೆಲ್ಲ ಸಾಲಾಗಿ ನಿದ್ದೆ. ದ್ಯಾವಮ್ಮ ಗೋಡೆಗೊರಗಿ ಗೊರಕೆ.

"ಕಾಳುಮೆಣಸು ಇಡ್ಲಿಕ್ಕೆ ಜಾಗ ಇಲ್ಲ. ಇಲ್ಲಿ ಇಷ್ಟು ಚಂದದ ಸಿಮೆಂಟ್ ನೆಲದ ಮೇಲೆ ಗೊರಕೆ ಹೊಡೀತಾರಲ್ಲ ರೈಟ್ರೇ," ಅಂದರು ಅಪ್ಪನಿಗೆ. "ಮಲಗ್ಲಿಕ್ಕೆ ಲೈನಿನ ಜಗುಲಿ ಸಾಕಲ್ವಾ? ಯಾರಾದ್ರೂ ಮುದುಕಿ ಸಂಬಳ ಇಲ್ಲದೆ ನೋಡ್ಕೊಳ್ತಾಳೆ. ಇದನ್ನು ಮೆಣಸಿಗೆ ಮಾಡುವ."

ಅಪ್ಪ ತಲೆಯಾಡಿಸಿ ಸುಮ್ಮನಿರಬೇಕಿತ್ತು. ಜನ್ಮದಲ್ಲಿ ಸುಳ್ಳು ಹೇಳದ ಮನುಷ್ಯ, ಅಷ್ಟು ಹೊತ್ತಿಗೆ ಎಚ್ಚರಾಗಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ದ್ಯಾವಮ್ಮನ ಮುಖ ನೋಡಿ, "ಬರೀ ನಿದ್ದೆ ಅಲ್ಲ ಅಮ್ಮಾವ್ರೇ, ಪಾಠನೂ ನಡೀತೈತೆ. ನನ್ನ ಮಗಳು ಏನೇನೋ ಕೈಕೆಲಸ ಮಾಡಿಸ್ತಾಳೆ," ಅಂದುಬಿಟ್ಟರು.

"ಹೌದಾ? ಹಾಗಾದ್ರೆ ಶನಿವಾರ ಬಂದು ನೋಡ್ತೇನೆ. ಇದ್ರೆ ಸರಿ. ಇಲ್ಲದಿದ್ರೆ ಸೋಮವಾರ ಮೆಣಸು ಒಳಗೆ."

ಸಂಜೆ ಅಪ್ಪ ಮನೆಗೆ ಬಂದು ಈ ಸುದ್ದಿ ಹೇಳಿದಾಗ ನಾನು ಹಲಸಿನ ಹಪ್ಪಳ ತಿನ್ನುತ್ತಿದ್ದೆ. ಕಚ್ಚಿದ ಹಪ್ಪಳವನ್ನು ಹಾಗೇ ತಟ್ಟೆಗೆ ವಾಪಸ್ಸಿಟ್ಟೆ. ಮಾರನೆಯ ಬೆಳಿಗ್ಗೆ ದ್ಯಾವಮ್ಮ ನನ್ನ ಕೈ ಹಿಡಿದುಕೊಂಡಳು. "ಏನಾರ ಮಾಡವ್ವ. ಲೈನಿಂದ ಎತ್ತಿಬುಟ್ರೆ ಈ ಮಂಡಿ ಎತ್ಕಂಡು ನಾನು ಎಲ್ಲಿಗೋಗಲಿ?" ಹೇಳುತ್ತಲೇ ಅಳತೊಡಗಿದಳು. ನನಗೂ ಅಳು ಬಂತು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಅಮ್ಮಂದಿರು ಬಿಟ್ಟುಹೋದ ಮಕ್ಕಳಿಗೆ ಬೆಳಿಗ್ಗೆ ಅಳುವ ಹಕ್ಕು. ಅದನ್ನು ದೊಡ್ಡವರು ಕಸಿದುಕೊಂಡದ್ದು ನೋಡಿ ಅವು ಬೆಪ್ಪಾಗಿ ಕೂತವು.

ಏನು ಮಾಡಿಸುವುದು? ನನ್ನ ತಲೆ ಓಡಿದ್ದು ಹೀಗೆ: ಅಮ್ಮಾವ್ರ ತವರು ಕಡಲ ದಂಡೆ. ಸಮುದ್ರವನ್ನೇ ತಂದು ಕಣ್ಣ ಮುಂದೆ ಹಾಸಿಬಿಟ್ಟರೆ ತವರು ನೆನಪಾಗಿ ಕರಗುತ್ತಾರೆ. ಎಂಥ ಬುದ್ಧಿವಂತೆ ನಾನು ಎಂದು ನನಗೇ ಹೆಮ್ಮೆಯಾಯಿತು. ಒಂದೇ ತೊಂದರೆಯೆಂದರೆ ನಮ್ಮಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ನಾನು ನೋಡಿದ್ದು ಕ್ಯಾಲೆಂಡರಿನಲ್ಲಿ. ಅದರಲ್ಲೂ ಅರ್ಧ ಭಾಗ ಲಕ್ಷ್ಮಿಯೇ ಇದ್ದಳು. ಸಾಲದ್ದಕ್ಕೆ ನಾವು ವಿಭೂತಿ ಹಚ್ಚುವ ಮನೆಯವರು, ಮೀನನ್ನು ಹತ್ತಿರದಿಂದ ಕಂಡವರಲ್ಲ. ಮೀನು ಕತ್ತರಿಸಲು ಕತ್ತರಿ ಕೊಡೆಂದರೆ ಅವ್ವ ತಡೆದಳು. "ಕಾಗದದ್ದಾದ್ರೂ ಮೀನು ಮೀನೇ ಕಣೆ. ಅಡುಗೆಮನೆ ಕತ್ತರಿ ಮುಟ್ಟಬ್ಯಾಡ."

ದ್ಯಾವಮ್ಮ ಮಾತ್ರ ಕಡಲಿನ ವಿಷಯದಲ್ಲಿ ತಾನು ಎಲ್ಲರಿಗಿಂತ ಹಿರಿಯಳೆಂದು ವಾದಿಸಿದಳು. ಮಾರನಹಳ್ಳಿಯಲ್ಲಿ ಬಸ್ಸಿಗೆ ನಿಂತಿದ್ದಾಗ ಘಾಟಿ ಹತ್ತಿ ಬಂದ ಮೀನಿನ ಲಾರಿಯಿಂದ ಅವಳ ಪಾದದ ಮೇಲೆ ನೀರು ಸುರಿದಿತ್ತಂತೆ. "ಕಡಲ ನೀರು ನನ್ನ ಕಾಲು ಮುಟ್ಟೈತೆ. ನಿನ್ನ ಕಾಲು ಮುಟ್ಟೈತಾ?" ಎಂದು ಕೇಳಿದಳು. ಅದು ಮಂಜುಗಡ್ಡೆ ಕರಗಿದ ನೀರೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ನೀಲಿ ಬಣ್ಣ ಬೇಕಿತ್ತು. ಎಸ್ಟೇಟಿನಲ್ಲಿ ಅತಿ ಚೆಂದದ ನೀಲಿಯೆಂದರೆ ಕಾಫಿಗಿಡಕ್ಕೆ ಹೊಡೆಯುವ ಮೈಲುತುತ್ತ. ನಾನು ಆ ಡಬ್ಬಿಯ ಹತ್ತಿರ ಸುಳಿದದ್ದೇ ತಡ, ಅಪ್ಪ ತಮ್ಮ ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿ ಮುಗಿಸಿದರು. ಅದು ವಿಷ, ಮಕ್ಕಳ ಹತ್ತಿರ ತರುವ ವಸ್ತುವೇ ಅದು, ನಿನಗೆ ಪಿಯುಸಿ ಓದಿಸಿದ್ದು ಇದಕ್ಕಾ. ಸರಿ, ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿಗೆ ಸುರಿದೆವು. ಹಳೆಯ ಪೇಪರುಗಳನ್ನು ಅದರಲ್ಲಿ ಅದ್ದಿ, ಸ್ಟೋರಿನ ಮುಂದೆ ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಹರಡಿದೆವು. ಕಾಫಿ ಮುಗಿದು ಕಣ ಮುಕ್ಕಾಲು ಖಾಲಿಯಿತ್ತು. ಆಚೆ ಬದಿಯಲ್ಲಿ ಅಮ್ಮಾವ್ರ ಮೆಣಸು ಒಣಗುತ್ತಿತ್ತು. ಒಂದು ಕಡೆ ಮೆಣಸು, ಒಂದು ಕಡೆ ಸಮುದ್ರ. ಕಾಫಿ ಹೊಟ್ಟಿನ ಮರಳು ದಂಡೆ. ತೆಂಗಿನ ಕರಟದ ಆಮೆಗಳು. ಹಲಸಿನ ಎಲೆಯ ಮೀನುಗಳು, ಮಾರನೆಯ ದಿನಕ್ಕೆ ಮುರುಟಿಕೊಂಡು ನಿಜವಾಗಿಯೂ ಒದ್ದಾಡುವಂತೆ ಕಾಣುತ್ತಿದ್ದವು.

ಮೀನಿನ ವಿಷಯದಲ್ಲಿ ನನಗೂ ಸರೋಜಿಗೂ ಜಗಳವಾಯಿತು. ಸರೋಜಿಗೆ ನಾಲ್ಕೋ ಐದೋ ವರ್ಷ, ಗತ್ತು ಮಾತ್ರ ಮೇಸ್ತ್ರಿಯದು. ಮೀನು ಈಜುತ್ತಿರುವ ಹಾಗೆ ಅಂಟಿಸೋಣವೆಂದರೆ ಅವಳು ಒಪ್ಪಲಿಲ್ಲ.

"ಹೊಳೆ ಮೀನು ಈಜ್ತೈತೆ. ಕಡಲ ಮೀನು ಒಣಗಿರ್ತೈತೆ."

"ಯಾರೇ ಹೇಳಿದ್ದು?"

"ನಾನೇ ನೋಡಿವ್ನಿ, ಸಂತೆಲಿ. ಗೋಣಿ ಮೇಲೆ ಹಾಕಿರ್ತಾರೆ. ಕಡಲ ತುಂಬ ಉಪ್ಪಂತೆ. ಉಪ್ಪಲ್ಲಿ ಇದ್ರೆ ಒಣಗದೆ ಇನ್ನೇನಾಯ್ತದೆ?"

ಈ ತರ್ಕಕ್ಕೆ ಉತ್ತರ ನಿಮಗೆ ಹೊಳೆದರೆ ಈಗಲಾದರೂ ಹೇಳಿ. ಮೀನುಗಳನ್ನೆಲ್ಲ ಅಂಗಾತ ಮಲಗಿಸಿದೆವು. ಆಮೇಲೆ ಮಂಜ ಎಂಬ ಕುಳ್ಳ ಬಂದು ಕಡಲಲ್ಲಿ ಉಂಬಳ ಎಲ್ಲಿ ಎಂದು ಕೇಳಿದ. ನಮ್ಮ ಕಡೆ ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಇಲ್ಲದ ಒದ್ದೆ ಜಾಗವನ್ನೇ ಅವನು ಕಂಡವನಲ್ಲ. ಇಲ್ಲವೆಂದರೆ ಅಳುತ್ತಾನೆ. ಕಪ್ಪು ದಾರ ತುಂಡು ಮಾಡಿ ಸಮುದ್ರದ ತುಂಬ ಉಂಬಳ ಬಿಟ್ಟೆವು.

ಎಂಟು ಕಾಲಿನ ಪ್ರಾಣಿಯೊಂದನ್ನು ನಾನು ಪುಸ್ತಕದಲ್ಲಿ ನೋಡಿದ್ದೆ. ಅಪ್ಪನ ಕಾಲುಚೀಲವೊಂದಕ್ಕೆ ಹೊಟ್ಟು ತುಂಬಿ ತಲೆ ಮಾಡಿ, ಬಾಳೆನಾರಿನ ಜಡೆ ಹೆಣೆದು ಕಾಲು ಕಟ್ಟಲು ಶುರುಮಾಡಿದೆ. ದ್ಯಾವಮ್ಮ ಎಣಿಸುತ್ತ ಎಣಿಸುತ್ತ ಮುಖ ಸಪ್ಪೆ ಮಾಡಿದಳು. "ಎಂಟಾ? ನನಗೆ ಇರೋ ಎರಡರಲ್ಲೇ ಒಂದು ಕೆಟ್ಟು ಈ ಗತಿ. ಇದರ ಮಂಡಿಯೆಲ್ಲ ಒಟ್ಟಿಗೆ ಹಿಡ್ಕಂಡ್ರೆ ಯಾರವ್ವ ನೋಡ್ಕಳೋರು?" ಎಂದು ಅದರ ಒಂದೊಂದು ಕಾಲಿಗೂ ನೀಲಗಿರಿ ಎಣ್ಣೆ ಸವರಿದಳು. ಅಪ್ಪ ವಾರವಿಡೀ ಒಂದೇ ಕಾಲುಚೀಲ ಹಿಡಿದು ಇನ್ನೊಂದನ್ನು ಹುಡುಕುತ್ತಿದ್ದರು.

ಮೊದಲ ದಿನ ಸಂಜೆ ನಡೆದದ್ದನ್ನು ಕೇಳಿ. ಹೊತ್ತು ಇಳಿಯಿತು. ತಾಯಂದಿರು ಬಂದರು. ಮಕ್ಕಳು ಹೊರಡಬೇಕಲ್ಲ, ಹೊರಡಲಿಲ್ಲ. ಸರೋಜಿ ಕಾಫಿ ಗುಡ್ಡೆ ಮಾಡುವ ಗೋರುಮಣೆಯನ್ನು ದರದರ ಎಳೆದುಕೊಂಡು ಬಂದಳು. ಉಳಿದವು ಸಾಲಾಗಿ ನಿಂತವು. ನಾನು ನೋಡುನೋಡುತ್ತಿದ್ದಂತೆ ಸಮುದ್ರವನ್ನು ನಾಲ್ಕೂ ಕಡೆಯಿಂದ ಗೋರಿ ಒಂದು ಗುಡ್ಡೆ ಮಾಡಿದವು. ಮೀನು, ಆಮೆ, ಉಂಬಳ, ಎಲ್ಲ ಅದರಲ್ಲಿ.

"ಏಯ್, ಏನ್ ಮಾಡ್ತಿದೀರೋ?"

"ಇಬ್ಬನಿ ಬೀಳ್ತದಲ್ಲಕ್ಕ," ಅಂದಳು ಸರೋಜಿ, ಇಷ್ಟೂ ತಿಳಿಯದವಳು ಪಾಠ ಹೇಳಿಕೊಡುತ್ತಾಳಲ್ಲ ಎಂಬ ಮುಖದಲ್ಲಿ. "ಸಮುದ್ರ ನೆನೆದ್ರೆ ಬೂಸಲು ಬರ್ತೈತೆ."

ಅವಳ ತಪ್ಪೇನಿದೆ? ಕಣದಲ್ಲಿ ಹರಡಿದ ಯಾವ ವಸ್ತುವನ್ನೂ ನಮ್ಮಲ್ಲಿ ಸಂಜೆ ಹಾಗೇ ಬಿಟ್ಟವರಿಲ್ಲ. ಗುಡ್ಡೆ ಮಾಡಬೇಕು, ಮುಚ್ಚಬೇಕು, ಬೆಳಿಗ್ಗೆ ಬಿಚ್ಚಿ ಹರಡಬೇಕು, ಆಗಾಗ ಕಾಲಾಡಿಸಿ ತಿರುವಬೇಕು. ದ್ಯಾವಮ್ಮನೂ, "ಮಗ ಸರಿಯಾಗೇ ಹೇಳ್ತು," ಎಂದು ಟಾರ್ಪಾಲು ತಂದಳು. ಅಲ್ಲಿಂದ ದಿನಾ ಇದೇ ಆಯಿತು. ಬೆಳಿಗ್ಗೆ ಸಮುದ್ರ ಹರಡುವುದು, ಹನ್ನೊಂದು ಗಂಟೆಗೆ ಒಮ್ಮೆ ಸಮುದ್ರ ತಿರುವುವುದು, ಸಂಜೆ ಸಮುದ್ರ ಗೋರಿ ಮುಚ್ಚಿಡುವುದು. ನಾಲ್ಕನೇ ದಿನಕ್ಕೆ ನನಗೂ ಸಮುದ್ರ ಚೆನ್ನಾಗಿ ಒಣಗುತ್ತಿದೆಯೋ ಇಲ್ಲವೋ ಎಂಬ ಚಿಂತೆ ಶುರುವಾಗಿತ್ತು ಅಂದರೆ ನಂಬಿ.

ಶನಿವಾರ ಬಂತು. ಬೆಳಿಗ್ಗೆಯೇ ಘಾಟಿಯ ಕಡೆಯಿಂದ ಮೋಡ. ಆಗ ಕಾಫಿಗೆ ಹೂಮಳೆಯ ಕಾಲ. ಆ ಹೊತ್ತಿಗೆ ಒಂದು ಹದ ಮಳೆ ಬಿದ್ದರೆ ಗಿಡ ಹೂಬಿಡುತ್ತದೆ, ಬೀಳದಿದ್ದರೆ ಮುಂದಿನ ಫಸಲೇ ಇಲ್ಲ. ಇಡೀ ಎಸ್ಟೇಟು ಮೇಲೆ ನೋಡಿ ಕೈಮುಗಿಯುತ್ತಿತ್ತು. ನಾವು ಕೂಸಿನ ಮನೆಯವರು ಮಾತ್ರ, ಸ್ವಾಮಿ, ಅಮ್ಮಾವ್ರು ಬಂದು ನೋಡಿ ಹೋಗುವ ತನಕ ಹಿಡಿದುಕೋ ಎಂದು ಬೇಡುತ್ತಿದ್ದೆವು. ಅಪ್ಪ ಮೋಡದ ಲಕ್ಷಣ ನೋಡಿ ಮಧ್ಯಾಹ್ನಕ್ಕೇ ಮೆಣಸನ್ನು ತುಂಬಿಸಿ ಒಳಗೆ ಹಾಕಿಸಿದರು. ಅಮ್ಮಾವ್ರ ಜೀಪು ಬರಲಿಲ್ಲ. ಎರಡಾಯಿತು, ಮೂರಾಯಿತು. ದ್ಯಾವಮ್ಮ ಒಗೆದ ಸೀರೆ ಉಟ್ಟು, ದಾರಿ ನೋಡುತ್ತ ಜಗುಲಿಯ ಮೇಲೆ ಕೂತಿದ್ದಳು.

ಮೊದಲ ಹನಿ ಬಿದ್ದದ್ದು ಸರೋಜಿಯ ಮೂಗಿನ ಮೇಲೆ.

"ಅಕ್ಕಾ, ನೆನೀತೈತೆ," ಎಂದು ಕಿರುಚಿಕೊಂಡಳು.

ಕಾಫಿ ಸೀಮೆಯಲ್ಲಿ ಹುಟ್ಟಿದವರಿಗೆ ಈ ಒಂದು ಮಾತು ಸಾಕು. ಏನು ನೆನೆಯುತ್ತಿದೆ ಎಂದು ಯಾರೂ ಕೇಳುವುದಿಲ್ಲ, ಮೊದಲು ಓಡುತ್ತಾರೆ. ನಾನು ಓಡಿದೆ. ದ್ಯಾವಮ್ಮ ಮಂಡಿ ಮರೆತು ಓಡಿದಳು. ತೋಟದಿಂದ ಹೆಂಗಸರು ಕೈಯಲ್ಲಿದ್ದುದನ್ನು ಬಿಸಾಕಿ ಓಡಿ ಬಂದರು. ಮಕ್ಕಳು ಗೋರುತ್ತಿದ್ದವು, ನಾವು ಬಾಚುತ್ತಿದ್ದೆವು, ಗಾಳಿಗೆ ಟಾರ್ಪಾಲು ನಮ್ಮನ್ನೇ ಎಳೆದುಕೊಂಡು ಹೋಗುತ್ತಿತ್ತು. ಅದೇ ಹೊತ್ತಿಗೆ ಜೀಪು ಬಂತು. ನಿಲ್ಲುವ ಮುಂಚೆಯೇ ಅಮ್ಮಾವ್ರು ಹಾರಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಾರ್ಪಾಲಿನ ತುದಿ ಹಿಡಿದರು.

"ಆ ಮೂಲೆ ಎಳೀರಿ ಮಾರಾಯ್ರೆ, ಕಲ್ಲಿಡಿ, ಕಲ್ಲಿಡಿ. ಒಳಗೆ ಒಂದು ಹನಿ ಹೋಗ್ಬಾರ್ದು."

ಎಳೆದೆವು, ಇಟ್ಟೆವು. ಮಳೆ ಧೋ ಎಂದು ಸುರಿಯಿತು. ಎಲ್ಲರೂ ಸ್ಟೋರಿನ ಸೂರಿನಡಿ ತೊಟತೊಟ ಸೋರುತ್ತ ನಿಂತೆವು. ಅಮ್ಮಾವ್ರಿಗೆ ಏದುಸಿರು, ಆದರೂ ಮುಖದಲ್ಲಿ ಸಂತೋಷ. ಹೂಮಳೆಯೂ ಬಂತು, ಮೆಣಸೂ ಉಳಿಯಿತು.

"ಎಷ್ಟು ಮೂಟೆ ಇರ್ಬಹುದು ರೈಟ್ರೇ?"

ಅಪ್ಪ ಗಂಟಲು ಸರಿಮಾಡಿಕೊಂಡರು. "ಮೆಣಸು ಮಧ್ಯಾಹ್ನವೇ ಒಳಗೆ ಹೋಗೈತೆ ಅಮ್ಮಾವ್ರೇ."

"ಮತ್ತೆ ಇದೆಂತದು?"

ಸರೋಜಿ ಮುಂದೆ ಬಂದಳು. "ಸಮುದ್ರ."

"ಎಂತದು?"

"ಸಮುದ್ರ. ನೆನೆದುಬುಟ್ರೆ ಬೂಸಲು ಬರ್ತೈತೆ. ನೀವೇ ಹಿಡ್ಕಂಡು ಮುಚ್ಚಿದ್ರಲ್ಲ."

ಟಾರ್ಪಾಲಿನಡಿಯಿಂದ ಸಣ್ಣಗೆ ನೀಲಿ ನೀರು ಹರಿದು ಬರುತ್ತಿತ್ತು. ಅಮ್ಮಾವ್ರು ತಮ್ಮ ಕೈ ನೋಡಿಕೊಂಡರು, ನೀಲಿ. ಸೀರೆ ನೋಡಿಕೊಂಡರು, ಅದರ ಮೇಲೆ ಐದಾರು ಪುಟ್ಟ ನೀಲಿ ಅಂಗೈಗಳು. ನಮ್ಮನ್ನು ನೋಡಿದರು, ನಾವೆಲ್ಲ ನೀಲಿ. ದ್ಯಾವಮ್ಮ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಳು. ಮುಗಿಯಿತು ಎಂದುಕೊಂಡೆ. ಅಮ್ಮಾವ್ರು ಸ್ಟೋರಿನ ಮೆಟ್ಟಿಲ ಮೇಲೆ ಕೂತರು, ತಲೆ ಬಗ್ಗಿಸಿದರು, ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ಹೆದರಿದೆವು. ಅವರು ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರೆ ಕೆನ್ನೆಯೂ ನೀಲಿಯಾಯಿತು.

"ನಾನು ಹುಟ್ಟಿದ ಮನೆಯ ಹಿತ್ತಿಲಲ್ಲೇ ಸಮುದ್ರ ಉಂಟು," ಅಂದರು. "ಅಯ್ಯೋ ನೆನೀತದೆ ಅಂತ ಇವತ್ತಿನವರೆಗೆ ನಮ್ಮಲ್ಲಿ ಒಬ್ಬರೂ ಓಡಿದ್ದಿಲ್ಲ."

ಮಳೆ ನಿಂತ ಮೇಲೆ ತೆಗೆಸಿ ನೋಡಿದರು. ಅರ್ಧ ಸಮುದ್ರ ಮುದ್ದೆಯಾಗಿತ್ತು. ಅಂಗಾತ ಮಲಗಿದ ಮೀನುಗಳನ್ನು ಒಂದೊಂದಾಗಿ ತಿರುವಿ ನೋಡಿದರು, ಉಂಬಳ ಕಂಡು ಮತ್ತೆ ನಕ್ಕರು. ಎಂಟು ಕಾಲಿನದನ್ನು ಎತ್ತಿ, "ಇದಕ್ಕೆ ನೀಲಗಿರಿ ಎಣ್ಣೆ ಯಾಕೆ?" ಎಂದು ಮೂಸಿದರು. ಅಪ್ಪ ಅದನ್ನು ದಿಟ್ಟಿಸಿ ನೋಡಿ, "ನನ್ನ ಕಾಲುಚೀಲ," ಅಂದರು. ಅಷ್ಟೂ ಹೊತ್ತಿನಲ್ಲಿ ಅವರು ಆಡಿದ ಎರಡನೇ ಮಾತು ಅದು.

ಜೀಪು ಹತ್ತುವಾಗ ಅಮ್ಮಾವ್ರು ತಿರುಗಿ ಹೇಳಿದರು. "ಮೆಣಸಿಗೆ ಬೇರೆ ಜಾಗ ನೋಡಿ ರೈಟ್ರೇ. ದ್ಯಾವಮ್ಮ, ಇನ್ನು ಗೊರಕೆ ಸ್ವಲ್ಪ ಮೆಲ್ಲ."

ಜೀಪು ತಿರುವು ದಾಟಿದ್ದೇ ದ್ಯಾವಮ್ಮ ನನ್ನ ಬೆನ್ನಿಗೆ ಗುದ್ದಿದಳು, ತಬ್ಬಿಕೊಂಡಳು, ನೆಲಕ್ಕೆ ಕೂತು ಅತ್ತಳು, ಎದ್ದು ನಕ್ಕಳು. "ನನ್ನ ಮನೆ ಉಳೀತು ಕಣವ್ವ," ಎಂದು ಸಿಕ್ಕಸಿಕ್ಕ ಮಗುವಿಗೆಲ್ಲ ಮುತ್ತಿಟ್ಟಳು. ಅಷ್ಟು ಸಂತೋಷವನ್ನು ಒಬ್ಬರ ಮುಖದಲ್ಲಿ ನಾನು ಆಮೇಲೆ ಕಂಡಿಲ್ಲ. ಮುಂದಿನ ವಾರ ತೋಟವೆಲ್ಲ ಬೆಳ್ಳಗೆ ಹೂಬಿಟ್ಟಾಗ ನಮ್ಮ ನೀಲಿ ಇನ್ನೂ ಉಗುರಿನ ಸಂದಿಯಿಂದ ಹೋಗಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಅಮ್ಮಾವ್ರು ತವರಿಗೆ ಹೋಗುವಾಗ ದ್ಯಾವಮ್ಮನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನೆಪ ಮಂಡಿಯ ಡಾಕ್ಟರು. ಅಲ್ಲಿ ನಡೆದದ್ದನ್ನು ಅವರೇ ಬಂದು ನಮಗೆ ಹೇಳಿದ್ದು. ದ್ಯಾವಮ್ಮ ಮಧ್ಯಾಹ್ನದಿಂದ ದಂಡೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳಂತೆ. ಹೊತ್ತು ಮುಳುಗುವ ಸಮಯಕ್ಕೆ ಗಡಬಡಿಸಿ ಎದ್ದು ನಿಂತಳಂತೆ. "ಅಮ್ಮಾವ್ರೇ, ಕತ್ತಲಾಗ್ತೈತೆ. ಇಷ್ಟನ್ನೂ ಎತ್ತಿಡಕ್ಕೆ ಜನ ಎಲ್ಲಿ?"

ಮೊನ್ನೆ ನನ್ನ ನಗು ಒಂದು ಹದಕ್ಕೆ ಬಂದ ಮೇಲೆ ದೊಡ್ಡ ಪಾತ್ರೆ ಹಿಡಿದು ಕೆಳಗಿಳಿದೆ. ಶ್ವೇತಾಳ ಸಮುದ್ರ ಅಂಗಳದಲ್ಲಿ ಒಣಗುತ್ತಿತ್ತು, ಅಂಗಡಿಯಿಂದ ತಂದ ಮಿರಿಮಿರಿ ನೀಲಿ ಕಾಗದ. ಒಂದು ಪುಟಾಣಿ ನನ್ನ ಸೀರೆಗೆ ಅಂಟಿನ ಕೈ ಒರೆಸಿತು. ಬೈಯಬೇಕೆಂದು ಬಾಯಿ ತೆರೆದವಳು, ಆ ಪುಟ್ಟ ಅಂಗೈಯ ಗುರುತು ನೋಡಿ ಮುಚ್ಚಿಕೊಂಡೆ. ಸಿಮೆಂಟ್ ನೆಲವನ್ನು ಮೂಟೆಗೆ ಕೊಡಲು ಹೊರಟ ಯಜಮಾನಿ ಈ ಸಲ ನಾನೇ ಆಗಿದ್ದೆನಲ್ಲ ಮಾರಾಯ್ರೆ. ಅಷ್ಟರಲ್ಲಿ ಗೊಬ್ಬರದವರ ಫೋನೂ ಬಂತು.

"ಏನ್ ತೀರ್ಮಾನ ಮಾಡಿದ್ರಿ ಮೇಡಂ?"

"ಜಾಗ ಖಾಲಿಯಿಲ್ಲ," ಅಂದೆ.

ಸಂಜೆ ಮಕ್ಕಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ನಾನು ಅಟ್ಟದಿಂದ ಹಳೆಯ ಟಾರ್ಪಾಲು ಎಳೆದು ತಂದೆ. ಶ್ವೇತಾ ಆಕಾಶ ನೋಡಿದಳು, ನನ್ನನ್ನು ನೋಡಿದಳು. "ಮಳೆ ಬರೋ ಹಾಗೇನೂ ಇಲ್ವಲ್ಲ ಆಂಟಿ."

"ಇಬ್ಬನಿ ಬೀಳುತ್ತೆ ಕಣೆ," ಅಂದೆ. "ಆ ತುದಿ ಹಿಡ್ಕೋ."